ಹರಿವೆ ಪಾತಿಗೆ ಬಿದ್ದ ನೀಲಿ ನೀರು

ಪುಟ್ಟೀ, ಅಪ್ಪೂ,

ಹೋದ ಸಲ ಬಂದಾಗ ನಿಮ್ಮ ಮನೆ ಹಿಂದಿನ ಹರಿವೆ ಗಿಡವೊಂದನ್ನು ಬೇರು ಸಮೇತ ಕಿತ್ತು, ಪೇಪರಿನಲ್ಲಿ ಸುತ್ತಿ ತಂದಿದ್ದಿರಿ. "ಅಜ್ಜೀ, ಇದಕ್ಕೆ ಎಂತ ಆಗಿದೆ ನೋಡು" ಅಂತ ನನ್ನ ಮಡಿಲಲ್ಲಿ ಇಟ್ಟಿರಿ. ಎಲೆ ಹಳದಿಯಾಗಿತ್ತು, ನರ ಮಾತ್ರ ಹಸಿರಾಗಿ ಉಳಿದಿತ್ತು. ನಾನು ಅದನ್ನು ನೋಡಿ ಎದ್ದು ಒಳಗೆ ಹೋದೆ. ಅಜ್ಜಿಗೆ ಗೊತ್ತಿಲ್ಲ ಅಂದುಕೊಂಡಿರಿ ನೀವು.

ಆ ಹಳದಿಯ ಗುರುತು ನನಗಿತ್ತು. ಆದರೆ ಅಂಥ ಎಲೆ ನೋಡಿದರೆ ಇವತ್ತಿಗೂ ನನ್ನ ಬಲಗೈ ತಾನಾಗಿ ಮುಖದ ಮುಂದೆ ಬರುತ್ತದೆ, ಏಟು ತಡೆಯುವ ಹಾಗೆ. ಅದು ಯಾಕೆ ಅಂತ ಹೇಳಬೇಕಾದರೆ ನಿಮ್ಮ ಅಜ್ಜನ ಕೈಯ ವಿಷಯ ಹೇಳಬೇಕು. ಎದುರು ಕೂತು ಹೇಳುವ ಬಾಯಿ ನನಗಿಲ್ಲ. ನಾಲ್ಕನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇದೆ. ಅದರಲ್ಲೇ ಬರೆಯುತ್ತೇನೆ.

ಶರಾವತಿಗೆ ಅಣೆಕಟ್ಟು ಕಟ್ಟಿ, ನೀರು ಏರಿ, ಮುಳುಗಡೆ ಊರಿನವರು ಗಾಡಿಗಳಲ್ಲಿ ಬಾಗಿಲು ಕಿಟಕಿ ಹೇರಿಕೊಂಡು ನಮ್ಮ ರಸ್ತೆಯಲ್ಲಿ ಹೋಗುತ್ತಿದ್ದ ಕಾಲ ಅದು. ನಮ್ಮ ಮನೆ ಹೊಸನಗರದಿಂದ ಸಾಗರದ ಕಡೆಗೆ ಹೋಗುವ ದಾರಿಯ ಮಗ್ಗುಲಲ್ಲಿತ್ತು. ನನ್ನ ತವರು ಮಂಡಗದ್ದೆ ಹತ್ತಿರ. ಮದುವೆಯಾಗಿ ಎರಡು ವರ್ಷ ಕಳೆದಿತ್ತು, ಬಸಿರು ನಿಂತಿರಲಿಲ್ಲ. ಮನೆಯಲ್ಲಿ ಮೂರೇ ಜನ: ನಾನು, ನಿಮ್ಮ ಅಜ್ಜ, ಅಜ್ಜನ ತಾಯಿ. ನಮಗೆ ತೋಟವಿರಲಿಲ್ಲ. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗ ಬರದ ಹಾಗೆ ಬೇರೆಯವರ ಮರ ಹತ್ತಿ ಔಷಧಿ ಹೊಡೆಯುವುದು ನಿಮ್ಮ ಅಜ್ಜನ ಕೆಲಸ. ಮೈಲುತುತ್ತ ಅನ್ನುವ ನೀಲಿ ಹರಳನ್ನು ನೀರಲ್ಲಿ ಕರಗಿಸಿ, ಸುಣ್ಣದ ನೀರು ಬೆರೆಸಿದರೆ ಆ ಔಷಧಿ ಆಗುತ್ತದೆ. ಅದನ್ನು ಕಲಸುವ ಮರದ ಪೀಪಾಯಿ ನಮ್ಮದೇ. ಕೆಲಸ ಮುಗಿದ ಮೇಲೆ ಅದು ನಮ್ಮ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇರುತ್ತಿತ್ತು. ನಿಮ್ಮ ಅಜ್ಜನ ಅಂಗಿ, ಉಗುರು, ಕಿವಿಯ ಹಿಂದಿನ ಚರ್ಮ ಎಲ್ಲ ನೀಲಿ. ನನ್ನ ಮೈಮೇಲೆ ಅವರು ಹೊಡೆದ ಜಾಗದಲ್ಲೂ ಬೆಳಿಗ್ಗೆ ಅದೇ ಬಣ್ಣ ಬರುತ್ತಿತ್ತು. ಅವರ ಕೈಯ ನೀಲಿಯೋ ನನ್ನ ರಕ್ತದ ನೀಲಿಯೋ ಅಂತ ಉಜ್ಜಿ ನೋಡಿಕೊಳ್ಳುತ್ತಿದ್ದೆ.

ಆ ಒಗೆಯುವ ಕಲ್ಲಿನಿಂದ ಕೆಳಗೆ ನಮ್ಮ ಸೊಪ್ಪಿನ ಪಾತಿ. ನಾನು ಬಂದ ಮೊದಲ ವರ್ಷ ಹರಿವೆ ಸುಮಾರಾಗಿ ಬಂದಿತ್ತು. ಎರಡನೇ ವರ್ಷ ಮಳೆಗಾಲದಲ್ಲಿ ಬಸಳೆ ಎಲೆ ಹಳದಿಯಾಗಿ, ಅಂಗೈಯಷ್ಟು ಆಗಬೇಕಾದದ್ದು ವೀಳ್ಯದೆಲೆಯ ಅರ್ಧಕ್ಕೆ ನಿಂತಿತು.

ಮೊದಲು ಹೆಗ್ಗಣದ ಮೇಲೆ ಅನುಮಾನ ಬಂತು. ನಿಮ್ಮ ಅಜ್ಜ ಬಿಲಕ್ಕೆ ಹೊಗೆ ಹಾಕಿ ಒಂದನ್ನು ಹೊರಡಿಸಿ, ಲಕ್ಕಿ ಗಿಡದ ಕೋಲಿನಲ್ಲಿ ಹೊಡೆದರು. ಎರಡನೇ ಏಟಿಗೆ ಅದು ಸತ್ತಿತ್ತು. ಅವರು ಹೊಡೆಯುತ್ತಲೇ ಇದ್ದರು. ಅದು ಮಣ್ಣಿಗೆ ಅಂಟಿಹೋಗುವವರೆಗೂ ಹೊಡೆದರು. ನಾನು ಕೊಟ್ಟಿಗೆಯ ಕಂಬ ಹಿಡಿದು ನಿಂತಿದ್ದೆ. "ಎಂತ ನೋಡ್ತೀಯೇ? ಹೋಗಿ ಒಲೆ ಹಚ್ಚು" ಅಂದರು. ಹೆಗ್ಗಣ ಸತ್ತ ಮೇಲೂ ಬಸಳೆ ಏಳಲಿಲ್ಲ.

ಮಳೆ ಕಡಿಮೆಯಾದ ಮೇಲೆ ಬಸಳೆ ಕಿತ್ತು, ಗೊಬ್ಬರ ಹಾಕಿ, ಅರ್ಧಕ್ಕೆ ಹರಿವೆ, ಅರ್ಧಕ್ಕೆ ಮೂಲಂಗಿ ಬಿತ್ತಿದೆವು. ನವರಾತ್ರಿಯಲ್ಲಿ ಒಂದು ಬೆಳಿಗ್ಗೆ ಅತ್ತೆ ಸಾರಿಗೆ ಅಂತ ಮೂಲಂಗಿ ಕೀಳಲು ಹೋದರು. ಗೆಡ್ಡೆ ಅಂತ ಬಂದದ್ದು ಹೆಬ್ಬೆರಳಿಗಿಂತ ಗಿಡ್ಡ. ಕಂದು ಬಣ್ಣ, ಮರದ ತುಂಡಿನ ಹಾಗೆ ಗಟ್ಟಿ. ನಾನು ಪಾತ್ರೆ ತಿಕ್ಕುತ್ತಿದ್ದೆ. ಅತ್ತೆ ಬಂದು ಮಣ್ಣು ಸಮೇತ ಅಷ್ಟನ್ನೂ ನನ್ನ ಮುಖಕ್ಕೆ ಎಸೆದರು.

"ಹೇಳೇ, ಹೊರಗಾದಾಗ ಪಾತಿಗೆ ಕಾಲಿಟ್ಯಾ ಇಲ್ವಾ?"

ಹೊರಗಾಗುವುದು ಅಂದರೆ ಮುಟ್ಟಾಗುವುದು. ಆ ಮೂರು ದಿನ ನಾವು ಕೊಟ್ಟಿಗೆಯ ಹಿಂದಿನ ಮಾಡಿನ ಕೆಳಗೆ ಕೂರಬೇಕು. ಸೊಪ್ಪಿನ ಗಿಡ ಮುಟ್ಟಿದರೆ ಒಣಗುತ್ತದೆ, ನೆರಳು ಬಿದ್ದರೂ ಬಾಡುತ್ತದೆ ಅಂತ ಎಲ್ಲರ ಮನೆಯಲ್ಲೂ ಇತ್ತು. ನನ್ನ ಅಮ್ಮನೂ ಹಾಗೇ ಹೇಳಿದ್ದಳು, ನಾನೂ ನಂಬಿದ್ದೆ. ಅದಕ್ಕೇ ಆ ದಿನಗಳಲ್ಲಿ ಪಾತಿಯ ಕಡೆ ತಲೆ ಕೂಡ ತಿರುಗಿಸುತ್ತಿರಲಿಲ್ಲ.

"ಇಲ್ಲ ಅತ್ತೆ. ದೇವರಾಣೆ ಇಲ್ಲ."

"ಮತ್ತೆ ಪಾತಿ ತಾನಾಗೇ ಸತ್ತೋತಾ? ಹಿತ್ತಲೂ ಬಂಜೆ, ನೀನೂ ಬಂಜೆ. ಎಂಥ ಕೈಗುಣನೇ ನಿಂದು! ನಾ ನೆಟ್ರೆ ಬೇಲಿಗೂಟನೂ ಚಿಗುರ್ತಿತ್ತು."

ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದ ನಿಮ್ಮ ಅಜ್ಜ ಇದನ್ನು ಕೇಳಿ ಎದ್ದು ಬಂದರು. ಏನು ಎತ್ತ ಕೇಳಲಿಲ್ಲ. ಹೆಗ್ಗಣ ಹೊಡೆದ ಅದೇ ಲಕ್ಕಿ ಕೋಲು. ನಾನು ಕೈ ಅಡ್ಡ ಹಿಡಿದೆ. ಗಾಜಿನ ಬಳೆಗಳು ಒಡೆದು ಮಣಿಕಟ್ಟಿಗೆ ಹೊಕ್ಕವು. ನೀವು ಚಿಕ್ಕವರಿದ್ದಾಗ "ಇದು ಎಂತ ಗೆರೆ?" ಅಂತ ಬೆರಳಾಡಿಸುತ್ತಿದ್ದಿರಲ್ಲ, ಆ ಗೆರೆ ಅದು. ಕುಡುಗೋಲು ತಾಗಿದ್ದು ಅಂದಿದ್ದೆ ನಿಮಗೆ. ಜುಟ್ಟು ಹಿಡಿದು ಎಳೆದುಕೊಂಡು ಹೋಗಿ ಪಾತಿಯಲ್ಲಿ ನನ್ನ ಮುಖ ಒತ್ತಿದರು. "ತಿನ್ನು, ನೀನು ಬೆಳ್ಸಿದ್ದು ನೀನೇ ತಿನ್ನು" ಅಂದರು. ಬಾಯೊಳಗೆ ಮಣ್ಣು ಹೋಯಿತು.

ಅತ್ತೆ ಅಲ್ಲಿಂದಲೇ ತೀರ್ಪು ಕೊಟ್ಟರು. "ಸಾಕು ಬಿಡಾ. ಕಾರ್ತೀಕ ಕಳೆಯೋದ್ರೊಳಗೆ ಈ ಪಾತಿ ಎದ್ರೆ ಸರಿ. ಇಲ್ದಿದ್ರೆ ಇವಳನ್ನ ಮಂಡಗದ್ದೆಗೆ ಬಿಟ್ಟು ಬಾ. ಹೆಣ್ಣು ಕೊಡೋರು ಇನ್ನೂ ಅದಾರೆ."

ಮಾತಲ್ಲೇ ಬೆದರಿಸುವವರಲ್ಲ ಅವರು. ತವರಿಗೆ ವಾಪಸು ಬಂದ ಹೆಣ್ಣಿನ ಗತಿ ನಾನು ನನ್ನ ಚಿಕ್ಕಮ್ಮನಲ್ಲಿ ನೋಡಿದ್ದೆ. ಅಣ್ಣಂದಿರ ಮನೆಯಲ್ಲಿ ಸಗಣಿ ಬಾಚಿ, ಕೊನೆಗೆ ಉಳಿದ ಗಂಜಿ ಕುಡಿದು ಬದುಕಿದವಳು ಅವಳು. ಹಾಗಾಗಿ ನನಗೆ ಆ ಪಾತಿ ಬದುಕಬೇಕಿತ್ತು, ಅಥವಾ ಅದು ಸತ್ತದ್ದು ನನ್ನಿಂದಲ್ಲ ಅಂತ ತೋರಿಸಬೇಕಿತ್ತು.

ಈಗ ಇಲ್ಲಿ ಸ್ವಲ್ಪ ಗಮನ ಕೊಟ್ಟು ಓದಿ, ನಿಮ್ಮ ಗಿಡಕ್ಕೂ ಉಪಯೋಗಕ್ಕೆ ಬರುತ್ತದೆ.

ಬಾಯೊಳಗೆ ಮಣ್ಣು ಹೋಯಿತು ಅಂದೆನಲ್ಲ, ಅದು ಒಗರಾಗಿತ್ತು. ತಾಮ್ರದ ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕುವಾಗ ಬಾಯಿಗೆ ಹಾರುವ ರುಚಿ ಇರುತ್ತದೆ ನೋಡಿ, ಹಾಗೆ. ಏಟಿಗೆ ತುಟಿ ಒಡೆದ ರಕ್ತದ ರುಚಿ ಅಂದುಕೊಂಡೆ. ಮುಖ ತೊಳೆದ ಮೇಲೂ ಅದು ಹೋಗಲಿಲ್ಲ.

ಮರುದಿನದಿಂದ, ಅತ್ತೆ ಸೌದೆಗೆ ಹೋದಾಗಲೆಲ್ಲ ಪಾತಿಯಲ್ಲಿ ಕೂತು ನೋಡಿದೆ. ಎಲೆ ಮಗುಚಿದೆ: ಅಡಿಯಲ್ಲಿ ಹೇನಿರಲಿಲ್ಲ. ಹುಳ ತಿಂದಿದ್ದರೆ ತೂತು ಇರಬೇಕು, ಇರಲಿಲ್ಲ. ನೀರು ಹೆಚ್ಚಾಗಿ ಕೊಳೆತಿದ್ದರೆ ಬೇರು ಮೆತ್ತಗಾಗಿ ನಾರಬೇಕು. ಇದು ನಾರುತ್ತಿರಲಿಲ್ಲ, ಒಣ ಬೇರು. ಒಳ್ಳೆಯ ಗಿಡದ ಬೇರಿಗೆ ಮಗುವಿನ ತಲೆಯ ಹಾಗೆ ಸಣ್ಣ ಕೂದಲು ತುಂಬಿರುತ್ತದೆ. ಇದಕ್ಕೆ ಒಂದೂ ಇರಲಿಲ್ಲ. ಸುಟ್ಟ ತಂತಿಯ ಹಾಗೆ ದಪ್ಪಗೆ, ಮೊಂಡಾಗಿ ನಿಂತಿತ್ತು. ಗೊಬ್ಬರ ಸಾಲದೆ ಹಳದಿಯಾಗಿದ್ದರೆ ಮೊದಲು ಕೆಳಗಿನ ಮುದಿ ಎಲೆ ಬಣ್ಣ ಬಿಡಬೇಕು. ಇಲ್ಲಿ ತುದಿಯ ಎಳೆ ಎಲೆಯೇ ಮೊದಲು ಹಳದಿ. ಮೂಲಂಗಿಗೆ ಕಲ್ಲು ಸಿಕ್ಕಿದರೆ ಗೆಡ್ಡೆ ಕವಲಾಗುತ್ತದೆ, ಹಸಿ ಗೊಬ್ಬರವಾದರೆ ಕೂದಲು ಕೂದಲಾಗುತ್ತದೆ. ಇದು ಎರಡೂ ಅಲ್ಲ, ಬೆಳೆಯಲೇ ಇಲ್ಲ.

ಆಮೇಲೆ ಕೈಯಲ್ಲೇ ಮಣ್ಣು ಕೆದಕಿದೆ. ಮೊಣಕೈ ಆಳ ಹೋದರೂ ಒಂದು ಎರೆಹುಳು ಸಿಗಲಿಲ್ಲ. ನಮ್ಮ ಕಡೆ ಮಳೆ ಬಿಟ್ಟ ಹೊಸದರಲ್ಲಿ ಎಲ್ಲಿ ಗುದ್ದಲಿ ಹಾಕಿದರೂ ಎರೆಹುಳು ತುಂಡಾಗುತ್ತದೆ. ಬಚ್ಚಲಿನ ಬಾಳೆಬುಡ ಕೆದಕಿದೆ, ಮುಷ್ಟಿ ತುಂಬ ಬಂದವು. ಪಾತಿಗೆ ವಾಪಸು ಬಂದು ನೋಡಿದೆ, ಒಂದೂ ಇಲ್ಲ. ಹೊರಗಾದವಳ ನೆರಳಿಗೆ ಎಲೆ ಬಾಡಬಹುದು, ಮಣ್ಣೊಳಗಿನ ಎರೆಹುಳುವಿಗೆ ನೆರಳು ಹೇಗೆ ಬೀಳುತ್ತದೆ? ಆ ಪ್ರಶ್ನೆ ಬಂದಾಗ ನನಗೆ ಹೆದರಿಕೆಯಾಯಿತು. ಸುತ್ತ ಯಾರಾದರೂ ಕೇಳಿಸಿಕೊಂಡರೋ ಅಂತ ತಿರುಗಿ ನೋಡಿದೆ.

ಇನ್ನೊಂದು ಕಂಡಿತು. ಪಾತಿಯ ಕೆಳತುದಿಯಲ್ಲಿ, ಬೇಲಿಯ ಬುಡದಲ್ಲಿ, ಆರೇಳು ಹರಿವೆ ಗಿಡ ದಷ್ಟಪುಷ್ಟವಾಗಿದ್ದವು. ಒಂದೇ ಬೀಜ, ಒಂದೇ ಗೊಬ್ಬರ. ಅಲ್ಲಿ ಮಾತ್ರ ಹೇಗೆ?

ಉತ್ತರ ಎರಡು ದಿನ ಬಿಟ್ಟು ಸಿಕ್ಕಿತು. ಅತ್ತೆ ಒಗೆಯುವ ಕಲ್ಲಿನ ಮೇಲೆ ನಿಂತು, ಚೊಂಬಿನಿಂದ ಪೀಪಾಯಿಯ ನೀರು ತೋಡಿ ಪಾತಿಗೆ ಬೀಸಿ ಎರಚುತ್ತಿದ್ದರು. ಮಳೆನೀರು ತುಂಬಿದ ಪೀಪಾಯಿ, ತಳದಲ್ಲಿ ಕೆನೆಯ ಹಾಗೆ ನೀಲಿ ಗಸಿ.

"ಅದನ್ನ ಯಾಕೆ ಹಾಕ್ತೀರಿ ಅತ್ತೆ?"

"ಮದ್ದಲ್ವನೇ? ಅಷ್ಟೆತ್ತರದ ಮರಕ್ಕೇ ಆಗ್ತದೆ, ಮೊಳದ ಗಿಡಕ್ಕೆ ಆಗಲ್ವಾ? ನಿನ್ನ ಮೈಲಿಗೆ ತೊಳೀಲಿ ಅಂತ ನಾನಾದ್ರೂ ಹಾಕ್ತಿದ್ದೀನಿ. ಮಳೆಗಾಲದಿಂದ ಬಿಡದೆ ಹಾಕಿದ್ದಕ್ಕೇ ಇಷ್ಟಾದ್ರೂ ಉಳಿದದೆ."

ಅವರ ಕೈ ಬೀಸಿದ ನೀರು ಎಲ್ಲಿಗೆ ನಿಲ್ಲುತ್ತಿತ್ತೋ ಅಲ್ಲಿಗೆ ಹಳದಿ ನಿಂತಿತ್ತು. ಬೇಲಿಬುಡದ ಗಿಡಗಳಿಗೆ ಅವರ ಚೊಂಬು ಮುಟ್ಟುತ್ತಿರಲಿಲ್ಲ.

ಬಾಯಿಬಿಟ್ಟು ಹೇಳಿದರೆ ನನ್ನ ಮಾತು ಯಾರು ಕೇಳುತ್ತಾರೆ? ಅತ್ತೆಯ ಮೇಲೆ ಹೊರಿಸಿದೆ ಅಂತ ಇನ್ನೊಂದು ಹೊಡೆತ ಬೀಳುತ್ತಿತ್ತು. ಹಾಗಾಗಿ ಕೊಟ್ಟಿಗೆಯ ಹಿಂದೆ, ನಾನು ಮೂರು ದಿನ ಕೂರುವ ಮಾಡಿನ ಕೆಳಗೆ, ಬಾಯಿ ಒಡೆದ ಮೂರು ಮಣ್ಣಿನ ಚಟ್ಟಿ ಇಟ್ಟೆ. ಅಲ್ಲಿಗೆ ಅತ್ತೆಯೂ ಬರುವುದಿಲ್ಲ, ಅವರ ಮಗನೂ ಬರುವುದಿಲ್ಲ. ಮೈಲಿಗೆಯ ಜಾಗಕ್ಕಿಂತ ಭದ್ರವಾದ ಬೀಗ ನಮ್ಮ ಮನೆಯಲ್ಲಿರಲಿಲ್ಲ.

ಮೊದಲನೇ ಚಟ್ಟಿಗೆ ಪಾತಿಯ ಮಣ್ಣು, ಬಾವಿ ನೀರು. ಎರಡನೆಯದಕ್ಕೆ ಬಾಳೆಬುಡದ ಮಣ್ಣು, ಬಾವಿ ನೀರು. ಮೂರನೆಯದಕ್ಕೆ ಅದೇ ಬಾಳೆಬುಡದ ಮಣ್ಣು, ಆದರೆ ಪೀಪಾಯಿ ನೀರು. ಮೂರಕ್ಕೂ ಒಂದೊಂದು ಚಿಟಿಕೆ ಹರಿವೆ ಬೀಜ.

ಸಸಿ ಎರಡೆಲೆ ಬಿಟ್ಟಾಗ ನಾನು ಹೊರಗಾದೆ. ಮೂರು ದಿನ ಅಲ್ಲೇ, ಚಟ್ಟಿಗಳ ಪಕ್ಕ. ಮೊದಲ ದಿನ ಕೈ ಕಟ್ಟಿಕೊಂಡು ಕೂತೆ. ಎರಡನೇ ದಿನ, ಎರಡನೇ ಚಟ್ಟಿಯ ಒಂದು ಸಸಿಯನ್ನು ತೋರುಬೆರಳಿನಿಂದ ಮುಟ್ಟಿದೆ. ಏನೂ ಆಗಲಿಲ್ಲ. ಆಮೇಲೆ ಅದರ ಬುಡ ಸಡಿಲ ಮಾಡಿದೆ, ಕಳೆ ತೆಗೆದೆ, ನನ್ನ ಕೈಯಾರೆ ನೀರು ಹಾಕಿದೆ. ಉಳಿದೆರಡಕ್ಕೆ ದೂರದಿಂದ ಕರಟದಲ್ಲಿ ನೀರು ಬಿಟ್ಟೆನೇ ಹೊರತು ಮುಟ್ಟಲಿಲ್ಲ. ಸಾಯುವುದಾದರೆ ಮುಟ್ಟಿದ್ದು ಸಾಯಬೇಕಿತ್ತು.

ಕಾರ್ತೀಕ ಮುಗಿಯಲು ನಾಲ್ಕು ದಿನ ಇರುವಾಗ ಎರಡನೇ ಚಟ್ಟಿಯ ಹರಿವೆ ಗೇಣುದ್ದ ಆಗಿತ್ತು. ಮೊದಲನೆಯದರಲ್ಲಿ ಹಳದಿ ಕಡ್ಡಿಗಳು. ಮೂರನೆಯದರಲ್ಲಿ ಎರಡು ಸಸಿ ಉಳಿದಿದ್ದವು, ಅವೂ ತುದಿ ಸುಟ್ಟವು. ಆ ಮಧ್ಯಾಹ್ನ ಎರಡನೆಯದರ ಸೊಪ್ಪು ಕೊಯ್ದು, ಒಂದು ಗಿಡ ಮಾತ್ರ ಬಿಟ್ಟು, ಬೆಳ್ಳುಳ್ಳಿ ಒಗ್ಗರಣೆ ಹಾಕಿ ಪಲ್ಯ ಮಾಡಿದೆ. ಮೂರು ಜನಕ್ಕೆ ಮೂರು ತುತ್ತಿನಷ್ಟು.

"ಎಲ್ಲೀದೇ ಇದು? ಬೇಲಿ ಆಚೆಯವಳು ಕೊಟ್ಳಾ?" ಅತ್ತೆ ಬೆರಳು ನೆಕ್ಕುತ್ತ ಕೇಳಿದರು.

"ನಮ್ಮನೇದೇ."

"ಥೂ ಸುಳ್ಳಿ! ನಮ್ಮನೇಲಿ ಎಲ್ಲಿ ಅದೆ?"

"ಕೈ ತೊಳ್ಕೊಂಡು ಬನ್ನಿ, ತೋರಿಸ್ತೀನಿ."

ಇಬ್ಬರೂ ಬಂದರು. ಅತ್ತೆ ಮಾಡಿನ ಹೊರಗೇ ನಿಂತರು. ನಾನು ಚಟ್ಟಿಗಳನ್ನು ಬೆಳಕಿಗೆ ಎಳೆದು, ಯಾವುದಕ್ಕೆ ಯಾವ ಮಣ್ಣು ಅಂತ ಹೇಳಿದೆ. ನೆಲ ನೋಡಿಕೊಂಡೇ ಹೇಳಿದೆ. "ಈ ಎರಡನೆಯದನ್ನ ನಾನು ಹೊರಗಾದಾಗ ಮುಟ್ಟಿದೀನಿ. ಎರಡು ದಿನ. ನೀವೀಗ ಉಂಡಿದ್ದು ಇದೇ" ಅಂದೆ.

ಮಾತು ಮುಗಿಯುವ ಮೊದಲೇ ನಿಮ್ಮ ಅಜ್ಜನ ಅಂಗೈ ಕೆನ್ನೆಗೆ ಬಿತ್ತು. "ಮೈಲಿಗೆ ತಿನ್ಸಿದ್ಯೇನೇ, ರಂಡೆ!" ಎರಡನೇ ಏಟಿಗೆ ಕೊಟ್ಟಿಗೆಯ ಗೋಡೆಗೆ ತಲೆ ಬಡಿಯಿತು. ಒಂದು ಹಲ್ಲು ನಾಲಿಗೆಯ ಮೇಲೆ ಬಂತು. ಅದನ್ನು ಉಗಿದು ಮೂರನೇ ಚಟ್ಟಿಯ ಕಡೆ ಬೆರಳು ತೋರಿಸಿದೆ. "ಇದು ನಾನು ಮುಟ್ಟದೇ ಇದ್ದದ್ದು. ಇದಕ್ಕೆ ಹಾಕಿದ್ದು ಪೀಪಾಯಿ ನೀರು. ಪಾತಿಗೆ ದಿನಾ ಬಿದ್ದದ್ದೂ ಅದೇ."

ಅವರ ಕೈ ನಿಂತಿತು. ಮೈಲುತುತ್ತ ಏನು ಮಾಡುತ್ತದೆ ಅಂತ ಆ ಮನೆಯಲ್ಲಿ ಅವರಷ್ಟು ತಿಳಿದವರಿಲ್ಲ. ಅವರ ಬೆರಳ ಸಂದಿಯ ಚರ್ಮ ಪ್ರತಿ ಮಳೆಗಾಲ ಸುಲಿಯುತ್ತಿತ್ತು. ಮೂರನೇ ಚಟ್ಟಿಯಿಂದ ಒಂದು ಸಸಿ ಕಿತ್ತು ಬೇರು ನೋಡಿದರು. ಮೊದಲನೆಯದರದ್ದೂ ಕಿತ್ತು ನೋಡಿದರು. ಎರಡೂ ಒಂದೇ ಥರ ಮೊಂಡು ಬೇರು.

"ಅಬ್ಬೇ, ಪೀಪಾಯಿ ನೀರು ಯಾರು ಹಾಕಿದ್ದು?" ಅಂತ ತಾಯಿಯ ಕಡೆ ತಿರುಗಿದರು.

ಅತ್ತೆ ಒಗೆಯುವ ಕಲ್ಲಿನ ಕಡೆಗೆ ಹಿಂದೆ ಹಿಂದೆ ಸರಿದರು.

"ಯಾರು ಹಾಕಿದ್ದು ಅಂತ ಕೇಳ್ದೆ!"

"ಮದ್ದಲ್ವನಾ ಮಗಾ... ಒಳ್ಳೇದಾಗ್ಲಿ ಅಂತ..."

ನಿಮ್ಮ ಅಜ್ಜ ಚಟ್ಟಿಯನ್ನು ಒದ್ದು ಒಡೆದರು. ಅಷ್ಟಕ್ಕೆ ನಿಲ್ಲಲಿಲ್ಲ. ಆ ಕೈ ಒಮ್ಮೆ ಎದ್ದ ಮೇಲೆ ಎಲ್ಲಾದರೂ ಇಳಿಯಲೇಬೇಕು. ಹೆತ್ತವಳ ಭುಜಕ್ಕೆ ಬೀಸಿದರು. ಅತ್ತೆ ಹಿಂದಕ್ಕೆ ಹೋಗಿ ಒಗೆಯುವ ಕಲ್ಲಿನ ಮೇಲೆ ಬಿದ್ದರು. ಕೈ ಊರಿದರು. ಹಸಿ ಕಡ್ಡಿ ಮುರಿದ ಹಾಗೆ ಸದ್ದಾಯಿತು.

ನಿಮಗೆ ಸುಳ್ಳು ಹೇಳುವುದಿಲ್ಲ. ಆ ಏಟು ಬಿದ್ದಾಗ ನನಗೆ ಹಿತವಾಯಿತು. ಎರಡು ವರ್ಷ ನಾನು ಬೇಡಿಕೊಂಡದ್ದು ಅದೇ ಏನೋ. ಆದರೆ ಅವರು ಬಗ್ಗಿ ಇನ್ನೊಂದು ಹೊಡೆಯಲು ಕೈ ಎತ್ತಿದಾಗ ನನಗೆ ಕಂಡದ್ದು ಆ ಹೆಗ್ಗಣ. ಸತ್ತ ಮೇಲೂ ಬೀಳುತ್ತಿದ್ದ ಏಟು.

ಗೋಡೆಗೆ ಒರಗಿದ್ದ ಗುದ್ದಲಿ ನನ್ನ ಕೈಗೆ ಹೇಗೆ ಬಂತೋ ಗೊತ್ತಿಲ್ಲ. ಅವರಿಬ್ಬರ ನಡುವೆ ನಿಂತಿದ್ದೆ. ಅದರ ಅಲಗು ಅವರ ಎದೆಯ ಮಟ್ಟಕ್ಕಿತ್ತು.

"ಇನ್ನೊಂದು ಏಟು ಬಿದ್ರೆ ನಿಮ್ಮನ್ನ ಇಲ್ಲೇ ಹುಗೀತೀನಿ" ಅಂದೆ. ಆಗಲೂ ಬಾಯಲ್ಲಿ "ನೀವು" ಅಂತಲೇ ಬಂತು ನೋಡಿ.

ಅವರು ನನ್ನ ಮುಖ ನೋಡಿದರು, ಗುದ್ದಲಿ ನೋಡಿದರು. ಆಮೇಲೆ ಅಂಗಿ ಹೆಗಲಿಗೆ ಹಾಕಿಕೊಂಡು ರಸ್ತೆಯ ಕಡೆ ಹೋದರು. ಅವರ ಬೆನ್ನು ಮರೆಯಾದ ಮೇಲೆ ಗುದ್ದಲಿ ಕೆಳಗಿಟ್ಟು ಅತ್ತೆಯ ಪಕ್ಕದಲ್ಲೇ ಕೂತೆ.

ಮಣಿಕಟ್ಟು ಆಗಲೇ ಊದಿತ್ತು. ಬಿದಿರಿನ ದಬ್ಬೆ ಇಟ್ಟು ನನ್ನ ಹಳೆ ಸೀರೆಯ ಅಂಚಿನಿಂದ ಕಟ್ಟಿದೆ. ನನ್ನ ಬಾಯಿಂದ ರಕ್ತ ಅವರ ಕಟ್ಟಿನ ಮೇಲೆ ತೊಟ್ಟಿಕ್ಕಿತು. ಅತ್ತೆ ತಮ್ಮ ಸೆರಗಿನಲ್ಲಿ ನನ್ನ ಬಾಯಿ ಒರೆಸಿದರು. ಕಟ್ಟಿದ ಕೈಯನ್ನು ಮಡಿಲಿಗೆ ಎಳೆದುಕೊಂಡು ಕೇಳಿದರು.

"ಅದನ್ನ ಮುಟ್ಟಿದ್ದು ನಿಜವನೇ?"

"ನಿಜ."

"ಯಾರಿಗೂ ಹೇಳ್ಬೇಡ ಮಾರಾಯ್ತಿ. ಊರವರು ನಮ್ಮನೆ ನೀರು ಮುಟ್ಟಲ್ಲ." ಆಮೇಲೆ, "ಪಲ್ಯ ಇನ್ನೂ ಉಳಿದದಾ?" ಅಂದರು.

ನನ್ನ ಪಾಲಿನದು ಉಳಿದಿತ್ತು. ತಂದು ತಿನ್ನಿಸಿದೆ.

ನಿಮ್ಮ ಅಜ್ಜ ಮರುದಿನ ಬಂದರು. ಪೀಪಾಯಿಯನ್ನು ಉರುಳಿಸಿಕೊಂಡು ಹೋಗಿ, ಗಿಡವೂ ಇಲ್ಲದ, ನೀರೂ ಹರಿಯದ ಕಲ್ಲುಗುಡ್ಡೆಯ ಮೇಲೆ ನಿಲ್ಲಿಸಿದರು. ಒಗೆಯುವ ಕಲ್ಲನ್ನು ಹಾರೆ ಹಾಕಿ ಮೀಟಿ ದೂರ ಸರಿಸಿದರು. ಪಾತಿಯ ಮಣ್ಣನ್ನು ಮೊಣಕಾಲುದ್ದ ಅಗೆದು ಹೊತ್ತು ಹಾಕಿದರು. ಬಾಳೆಬುಡದ ಪಕ್ಕ ಹೊಸ ಪಾತಿ ಕಡಿದದ್ದು ನಾನು. ಮಂಡಗದ್ದೆಯ ಮಾತು ಮತ್ತೆ ಯಾರೂ ಎತ್ತಲಿಲ್ಲ. ಮುಂದಿನ ವರ್ಷ ನಿಮ್ಮ ಅಪ್ಪ ಹುಟ್ಟಿದ.

ಅವರ ಕೈ ಪೂರ್ತಿ ನಿಂತಿತು ಅಂತ ಬರೆದರೆ ಚೆಂದ ಕಾಣುತ್ತದೆ, ಆದರೆ ಅದು ನಿಜವಲ್ಲ. ಬೇರೆ ಬೇರೆ ಕಾರಣಕ್ಕೆ ಎದ್ದಿತು, ನಿಮ್ಮ ಅಪ್ಪನ ಬೆನ್ನಿಗೂ ಗೊತ್ತು. ಆದರೆ ಹಿತ್ತಲಲ್ಲಿ, ನನ್ನ ಕೈಯಲ್ಲಿ ಗುದ್ದಲಿ ಇದ್ದಾಗ, ಅವರು ಮತ್ತೆ ಯಾವತ್ತೂ ಹತ್ತಿರ ಬರಲಿಲ್ಲ. ಅದಕ್ಕೇ ನಾನು ಜೀವಮಾನವೆಲ್ಲ ಹಿತ್ತಲಲ್ಲೇ ಕಳೆದೆ. ಅಜ್ಜಿಗೆ ತರಕಾರಿ ಹುಚ್ಚು ಅಂತ ನೀವೆಲ್ಲ ನಗುತ್ತೀರಿ.

ಇನ್ನು ನಿಮ್ಮ ಗಿಡ. ಒಳಗೆ ಹೋದವಳು ಆಮೇಲೆ ಬಂದು, ನೀವು ಮಲಗಿದ್ದಾಗ ಅದರ ಬೇರು ನೋಡಿದೆ. ಬೆಳ್ಳಗಿತ್ತು, ಕೂದಲು ಬೇರು ತುಂಬಿತ್ತು. ಹಾಗಾಗಿ ಅದು ನನ್ನ ಪಾತಿಯ ರೋಗ ಅಲ್ಲ, ಹೆದರಬೇಡಿ. ನಿಮ್ಮ ಮನೆಗೆ ಹೊಸದಾಗಿ ಗಾರೆ ಮಾಡಿಸಿದಾಗ ಉದುರಿದ ಸಿಮೆಂಟು, ಸುಣ್ಣ ಆ ಮೂಲೆಯಲ್ಲಿ ಸೇರಿದೆಯಾ ಕೆದಕಿ ನೋಡಿ. ಸೇರಿದ್ದರೆ ಮಣ್ಣು ಬದಲಿಸಿ. ಎರೆಹುಳು ಇದೆಯಾ ನೋಡಿ. ಆಮೇಲೂ ತಿಳಿಯದಿದ್ದರೆ ಮೂರು ಡಬ್ಬಿಯಲ್ಲಿ ಬಿತ್ತಿ ನೋಡಿ, ಯಾರ ಮೇಲೂ ತಪ್ಪು ಹೊರಿಸುವ ಮೊದಲು. ಪುಟ್ಟೀ, ನೀನು ಯಾವ ದಿನ ಬೇಕಾದರೂ ಪಾತಿಗೆ ಇಳಿ.

ಈ ಹಾಳೆಗಳನ್ನು ಹರಿವೆ ಬೀಜದ ಡಬ್ಬಿಯಲ್ಲಿ, ಬೂದಿಯ ಮೇಲೆ ಮಡಚಿ ಇಟ್ಟು ಕಳಿಸುತ್ತಿದ್ದೇನೆ. ಬೂದಿ ಇದ್ದರೆ ಹುಳ ಹಿಡಿಯುವುದಿಲ್ಲ. ಬೀಜ ಪ್ರತಿ ವರ್ಷ ತೆಗೆದು ಬಿತ್ತಿ, ಹೊಸದು ತುಂಬಿ. ಹಾಳೆ ಮಾತ್ರ ತೆಗೆದ ಜಾಗದಲ್ಲೇ ಮತ್ತೆ ಇಡಿ, ಕಳೆಯಬೇಡಿ.